ಸುಗ್ಗಿ ಹಬ್ಬದ ರೊಕ್ಕದಾಗ ಟಿ.ಬಿ. ರೋಗಿಗಳಿಗೆ ರೇಷನ್ ಕೊಡ್ಬೇಕಂತ ಮಾಡೀವಿ, ಸರ್ಕಾರಿ ದವಾಖಾನಿ ಜೋಡಿ ಹ್ಯಾಂಗ ಸೇರ್ಬೇಕು?

ಹುಂಜದ ಖಜಾಂಚಿ:

ಎಲ್ಲಾರಿಗೂ ನಮಸ್ಕಾರ್ರಿ. ಬೀದರ ಜಿಲ್ಲಾ, ಭಾಲ್ಕಿ ಹುಮನಾಬಾದ ನಡುವಿನ ಒಂದ್ ಸಣ್ಣ ಊರಿನ ಮೆಥಡಿಸ್ಟ್ ಸಭಾಕ್ಕ ನಾನು ಖಜಾಂಚಿ. ಸಭಾ ಅಂದ್ರ ಬೀದರ ಮಂಗಲಪೇಟಿ ಚರ್ಚಿನಂಗ ದೊಡ್ಡದು ಅಂತ ತಿಳ್ಕೋಬ್ಯಾಡ್ರಿ. ನಲವತ್ತೆರಡು ಮನಿ, ತಗಡಿನ ಛತ್ತು, ಒಂದ್ ಹಾರ್ಮೋನಿಯಂ, ಅದರಾಗೂ ಎರಡು ಸ್ವರ ಹೊರಡಲ್ಲ.

ಈ ಸಲ ಸುಗ್ಗಿ ಹಬ್ಬಕ್ಕ ಮಂದಿ ತಂದ ತೊಗರಿ, ಕುಂಬಳಕಾಯಿ, ಜ್ವಾಳ, ಕೋಳಿ ಎಲ್ಲಾ ಲಿಲಾವ್ ಮಾಡಿದ್ವಿ. ಒಂದ್ ಹುಂಜ ತೊಗೊಂಡಾಂವ ಮತ್ತ ದೇವರಿಗೇ ಕೊಟ್ಟ, ಇನ್ನೊಬ್ಬ ತೊಗೊಂಡಾಂವನೂ ಹಂಗೇ ಕೊಟ್ಟ. ಮೂರು ಸಲ ಮಾರಾಟ ಆಗಿ ಆ ಹುಂಜ ಒಂದೇ 2,100 ರೂಪಾಯಿ ತಂತು. ಎಲ್ಲಾ ಕೂಡಿ 28,400. ಪ್ರತಿ ವರ್ಷ ಈ ರೊಕ್ಕ ಸುಣ್ಣ ಬಣ್ಣಕ್ಕ, ಮೈಕಿಗೆ ಹೋಗ್ತದ. ಈ ಸಲ ನಾನೇ ಎದ್ದು ನಿಂತು, ಟಿ.ಬಿ. ಆದವರಿಗೆ ಕಾಳು ಕಡಿ ಕೊಡೋಣ ಅಂದೆ.

ಯಾಕಂದ್ರ 2014ರಾಗ ನನಗ ಆಗಿತ್ತು. ಆವಾಗ ಗುಳಿಗಿ ದಿನಾ ಇರಲಿಲ್ಲ, ದಿನ ಬಿಟ್ಟು ದಿನ. ಅಂಗನವಾಡಿ ಟೀಚರ್ ಮನ್ಯಾಗ ನನ್ನ ಹೆಸರು ಬರದ ಒಂದ್ ಕೆಂಪು ಡಬ್ಬಿ ಇರ್ತಿತ್ತು. ಒಮ್ಮಿಗೆ ಏಳು ಗುಳಿಗಿ, ಅಕಿ ಮುಂದೇ ನುಂಗ್ಬೇಕು. ಉಚ್ಚಿ ಕೆಂಪಗ ಬಂತಂತ ಮೊದಲ ದಿನ ಹೆದರಿ ಓಡಿ ಹೋಗಿದ್ದೆ. ಗುಳಿಗಿ ಫುಕಟ್, ಡಾಕ್ಟರ್ ಫುಕಟ್, ಆದ್ರ ಖಾಲಿ ಹೊಟ್ಟಿಗೆ ಏಳು ಗುಳಿಗಿ ಹಾಕ್ಕೊಂಡ್ರ ವಾಂತಿ ಬಿಟ್ರ ಮತ್ತೇನಿಲ್ಲ. ಕೂಲಿ ಬಂದ್ ಆಗಿತ್ತು. ಟೀಚರ್ ತಮ್ಮ ಮನಿಯಿಂದ ಒಂದ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟು "ಮೊದಲ ತಿನ್ನು" ಅಂತಿದ್ರು. ಅವರು ನಮ್ಮ ಜಾತಿಯವರಲ್ಲ, ನಮ್ಮ ಧರ್ಮದವರೂ ಅಲ್ಲ.

ಈಗ ತಕರಾರು ಏನಂದ್ರ, ಕಮಿಟಿಯೊಳಗ ಅರ್ಧ ಮಂದಿ "ಮೊದಲ ನಮ್ಮ ಸಭಾದವರಿಗೆ ಕೊಡ್ರಿ" ಅಂತಾರ. ಇನ್ನರ್ಧ ಹೆದರ್ಯಾರ. 2020ರಾಗ ಲಾಕ್‌ಡೌನ್‌ದಾಗ ಪುಣೆ ಮುಂಬೈದಿಂದ ಬಂದವರನ್ನ ಸಾಲಿಯೊಳಗ ಇಟ್ಟಾಗ ನಾವು ಖಿಚಡಿ ಮಾಡಿ ಕೊಟ್ಟಿದ್ವಿ. ಯಾರೋ ವಿಡಿಯೋ ಮಾಡಿ "ಮತಾಂತರ ನಡ್ದದ" ಅಂತ ಹಾಕಿದ್ರು, ನಮ್ಮ ಪಾಸ್ಟರ್ ಅಯ್ಯನೋರು ಮುಂಜಾನಿಂದ ಸಂಜಿ ತನಕ ಠಾಣೆದಾಗ ಕೂಡ್ಬೇಕಾತು. 2022ರ ಮತಾಂತರ ತಡೆ ಕಾಯ್ದೆದಾಗಂತೂ "ಆಮಿಷ" ಅಂತ ಒಂದ್ ಶಬ್ದ ಅದ. ಒಂದೂವರಿ ಕಿಲೋ ಬ್ಯಾಳಿನೂ ಆಮಿಷ ಆಗ್ತದೇನ್ರಿ?

ಯಾರನ್ನ ಹೋಗಿ ಭೆಟ್ಟಿ ಆಗ್ಬೇಕು, ಟ್ರಸ್ಟ್ ರಿಜಿಸ್ಟರ್ ಬೇಕೇನು, ಕೊಡೋ ಮುಂದ ಒಂದ್ ಸಣ್ಣ ಪ್ರಾರ್ಥನಾ ಮಾಡಬಹುದೇನು? ಗೊತ್ತಿದ್ದವರು ಹೇಳ್ರಿ.

ಬೈಕ್ ಸೂಪರ್ವೈಸರ್:

ನಾನು ಕಲಬುರಗಿ, ಯಾದಗಿರಿ ಕಡೆ ಟಿ.ಬಿ. ವಿಭಾಗದಲ್ಲಿ ಚಿಕಿತ್ಸಾ ಮೇಲ್ವಿಚಾರಕನಾಗಿ ಇದ್ದು ರಿಟೈರ್ ಆದವನು. ಸರ್ಕಾರ ಕೊಟ್ಟ ಬೈಕಿನ ಮೇಲೆ ಎಷ್ಟು ತಾಂಡಾ ಸುತ್ತಿದೆನೋ ಲೆಕ್ಕ ಇಲ್ಲ. ನಿಮ್ಮ ಕೆಂಪು ಡಬ್ಬಿ ಓದಿ ನಗು ಬಂತು, ಅಂಥ ಡಬ್ಬಿ ನೂರಾರು ಹಂಚೀನಿ. 2017ರಿಂದ ದಿನಾ ಗುಳಿಗಿ ಪದ್ಧತಿ ಬಂತು, ಆ ಡಬ್ಬಿ ಹೋದವು.

ನಿಮ್ಮ ಕೆಲಸಕ್ಕೆ ದಾರಿ ಈಗಾಗಲೇ ಅದ. 2022ರ ಸೆಪ್ಟೆಂಬರದಾಗ ಕೇಂದ್ರ ಸರ್ಕಾರ "ನಿಕ್ಷಯ್ ಮಿತ್ರ" ಅಂತ ಮಾಡ್ತು, ಟಿ.ಬಿ. ರೋಗಿಗಳಿಗೆ ಆಹಾರ ಕೊಟ್ಟು ನೆರವಾಗೋರಿಗೆ ಆ ಹೆಸರು. ಒಬ್ಬ ಮನುಷ್ಯ ಆಗಬಹುದು, ಸಂಘ, ಕಂಪನಿ, ಧಾರ್ಮಿಕ ಸಂಸ್ಥೆ ಯಾರಾದರೂ ಆಗಬಹುದು. ಟಿ.ಬಿ. ರೋಗಿಗಳ ದಾಖಲೆ ಇಡೋ ಸರ್ಕಾರದ ನಿಕ್ಷಯ್ ಪೋರ್ಟಲ್‌ನಾಗ ಹೆಸರು ಹಚ್ಚಿ, ಯಾವ ಆಸ್ಪತ್ರೆ ಇಲ್ಲಾ ಯಾವ ತಾಲೂಕಿನ ರೋಗಿಗಳಿಗೆ ಕೊಡ್ತೀರಿ ಅಂತ ಆರಿಸಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿ.ಎಚ್.ಸಿ.) ವೈದ್ಯಾಧಿಕಾರಿ ಇಲ್ಲಾ ತಾಲೂಕಿನ ಚಿಕಿತ್ಸಾ ಮೇಲ್ವಿಚಾರಕನ ಹತ್ತಿರ ಹೋದ್ರೆ ಅವರೇ ಮೊಬೈಲ್‌ನಾಗ ಮಾಡಿ ಕೊಡ್ತಾರ. ಊರಿನ ಹುಂಜದ ರೊಕ್ಕಕ್ಕೆ ವಿದೇಶಿ ದೇಣಿಗೆ ಕಾಯ್ದೆ ಸಂಬಂಧ ಇಲ್ಲ. ನಿಮ್ಮ ಒಬ್ಬರ ಹೆಸರಿನಾಗೇ ಮಿತ್ರ ಆಗ್ರಿ, ಟ್ರಸ್ಟ್ ಗೊಡವಿ ಬ್ಯಾಡ.

ದೊಡ್ಡವರಿಗೆ ತಿಂಗಳಿಗೆ ಹೇಳಿದ ಬುಟ್ಟಿ ಇಷ್ಟು: ಧಾನ್ಯ 3 ಕಿಲೋ, ಬೇಳೆ ಒಂದೂವರೆ ಕಿಲೋ, ಎಣ್ಣೆ 250 ಗ್ರಾಂ, ಹಾಲಿನ ಪುಡಿ ಇಲ್ಲಾ ಶೇಂಗಾ ಒಂದು ಕಿಲೋ. ಸಾಧ್ಯ ಇದ್ರೆ ಮೂವತ್ತು ತತ್ತಿ. ನಮ್ಮ ಕಡೆ ತೊಗರಿಗೆ ಬರ ಏನಿಲ್ಲ, ಲಿಲಾವ್ ಹಾಕೋ ಬದಲು ತೊಗರಿ ಹಂಗೇ ಇಟ್ಕೊಂಡಿದ್ರೆ ಇನ್ನೂ ಉಳಿತಿತ್ತು. ಈ ಬುಟ್ಟಿ ಸರ್ಕಾರ ರೋಗಿಗೆ ಕೊಡೋ ರೊಕ್ಕ ಬಿಟ್ಟು ಹೆಚ್ಚಿಂದು. ನಿಕ್ಷಯ್ ಪೋಷಣೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಬರ್ತಿತ್ತು, 2024ರ ನವೆಂಬರದಿಂದ 1,000 ಆಗಿದೆ.

ಆದ್ರ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ರೋಗಿಗಳ ಪಟ್ಟಿ ಕೇಳಬ್ಯಾಡ್ರಿ. ರೋಗಿ ಒಪ್ಪಿಗೆ ಕೊಟ್ಟ ಮೇಲೆನೇ ಅವರ ಹೆಸರು ಮಿತ್ರರಿಗೆ ಕಾಣೋದು, ಅದು ನಿಯಮ. ಕಂಡರೂ ನೋಡಬ್ಯಾಡ್ರಿ ಅಂತ ನನ್ನ ಸಲಹೆ. ಒಂದು ಊರಾಗ ನಿಶ್ಚಿತಾರ್ಥ ಆದ ಹುಡುಗಿ ಮನಿ ಮುಂದ ನನ್ನ ಬೈಕ್ ಎರಡು ಸಲ ನಿಂತಿತ್ತು, ಮೂರನೇ ವಾರಕ್ಕೆ ಸಂಬಂಧ ಮುರೀತು. ಆಮೇಲೆ ನಾನು ಬೈಕ್ ಊರ ಹೊರಗಿನ ಕಿರಾಣಿ ಮುಂದ ಬಿಟ್ಟು ನಡ್ಕೊಂಡು ಹೋಗ್ತಿದ್ದೆ. ನಿಮ್ಮ ಚೀಲದ ಮೇಲೆ ಶಿಲುಬೆ, ಸಭಾದ ಹೆಸರು, ಹಬ್ಬದ ಶುಭಾಶಯ ಏನೂ ಬ್ಯಾಡ. ಚರ್ಚ್ ಅಂಗಳದಾಗ ಹಂಚಬ್ಯಾಡ್ರಿ. ಆಶಾ ಕಾರ್ಯಕರ್ತೆ ಕೈಗೆ ಕೊಡ್ರಿ, ಅವರು ಹೆಂಗೂ ಗುಳಿಗಿ ಒಯ್ತಾರ, ಜೋಡಿ ಚೀಲನೂ ಹೋಗ್ತದ. ಪ್ರಾರ್ಥನೆ ನಿಮ್ಮ ಮನ್ಯಾಗ ಎಷ್ಟು ಬೇಕಷ್ಟು ಮಾಡ್ರಿ, ಅದಕ್ಕೆ ಯಾರ ಒಪ್ಪಿಗೆನೂ ಬ್ಯಾಡ. "ಆಮಿಷ" ಅನ್ನೋರಿಗೆ ಉತ್ತರ ಅಲ್ಲೇ ಆಯ್ತು: ಯಾರು ಕೊಟ್ಟರು ಅಂತ ತೊಗೊಂಡವರಿಗೆ ಗೊತ್ತಿಲ್ಲ, ಯಾರು ತೊಗೊಂಡರು ಅಂತ ಕೊಟ್ಟವರಿಗೆ ಗೊತ್ತಿಲ್ಲ.

ಇನ್ನೊಂದು, ಮೊದಲ ತಿಂಗಳು ಕೊಟ್ಟು ಫೋಟೋ ತೆಗೆಸ್ಕೊಂಡು ಮರೆಯೋರೇ ಬಹಳ. ಚಿಕಿತ್ಸೆ ಮಾಮೂಲಿ ಟಿ.ಬಿ.ಗೆ ಆರು ತಿಂಗಳು. ಎರಡನೇ ತಿಂಗಳ ಕೊನೆಗೆ ಕೆಮ್ಮು ಹೋಗ್ತದ, ಮೈ ತುಂಬ್ತದ, ಆವಾಗಲೇ ಗುಳಿಗಿ ಬಿಡೋದು, ಆವಾಗಲೇ ಹೈದರಾಬಾದಿಗೋ ಪುಣೆಗೋ ಸೆಂಟ್ರಿಂಗ್ ಕೆಲಸಕ್ಕೆ ಹೋಗೋದು. ಮೂರನೇ ತಿಂಗಳ ಚೀಲ ಮೊದಲ ತಿಂಗಳದಕ್ಕಿಂತ ದೊಡ್ಡದು ಅಂತ ತಿಳ್ಕೊಳ್ರಿ.

ವಕೀಲ, ಗಂಜ್ ಏರಿಯಾ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೂ ನನಗೆ ಸಿಟ್ಟು ಬರುತ್ತದೆ. ಜನರ ಪೌಷ್ಟಿಕತೆ, ಸಾರ್ವಜನಿಕ ಆರೋಗ್ಯ ಸುಧಾರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯ ಎಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಹುಂಜ ಮಾರಿ ಬಡವರು ಬಡವರಿಗೆ ಬೇಳೆ ಕೊಡುವಂತಾದರೆ ಸರ್ಕಾರದ ಮೈ ಹಗುರಾಗುತ್ತದೆ ಅಷ್ಟೇ. 2002ರಲ್ಲಿ ಶಾಲಾ ಮಕ್ಕಳ ಬಿಸಿಯೂಟದ ಅಕ್ಷರ ದಾಸೋಹ ಮೊದಲು ಶುರುವಾಗಿದ್ದು ನಮ್ಮ ಈ ಭಾಗದ ಜಿಲ್ಲೆಗಳಲ್ಲೇ. ಶರಣಬಸವೇಶ್ವರರ ದಾಸೋಹದ ಊರಿನವನಾಗಿ ಆ ಹೆಸರು ಕೇಳಿ ಹೆಮ್ಮೆ ಪಟ್ಟವನು ನಾನು. ಆದರೆ ಅಲ್ಲಿ ಶಬ್ದ ಮಠದ್ದು, ಅಕ್ಕಿ ಸರ್ಕಾರದ್ದು. ಈಗ ಶಬ್ದ ಸರ್ಕಾರದ್ದು, ಅಕ್ಕಿ ಚರ್ಚಿನದು ಆಗುತ್ತಿದೆ.

ನೀವು ಬೇಳೆ ಕೊಡುವುದಕ್ಕಿಂತ ಮೊದಲು ಆ 1,000 ರೂಪಾಯಿ ಬರದೇ ಉಳಿದವರಿಗೆ ಅದು ಬರುವಂತೆ ಮಾಡಿ. ಖಾತೆ ಇರುವುದಿಲ್ಲ, ಇದ್ದರೂ ಆಧಾರ್ ಜೋಡಣೆ ಆಗಿರುವುದಿಲ್ಲ, ಹೆಸರಿನ ಒಂದು ಅಕ್ಷರ ಬೇರೆ. ನಿಮ್ಮ ಸಭೆಯ ಓದಿದ ಹುಡುಗನೊಬ್ಬ ರೋಗಿಯ ಜೊತೆ ಬ್ಯಾಂಕಿಗೆ ಅರ್ಧ ದಿನ ಹೋದರೆ ಆರು ತಿಂಗಳಿಗೆ 6,000. ನಿಮ್ಮ ಹುಂಜ ಮೂರು ಸಲವಲ್ಲ, ಎಂಟು ಸಲ ಮಾರಿದರೂ ಅಷ್ಟು ಬರುವುದಿಲ್ಲ.

ರೋಗಿಗಳ ಪಟ್ಟಿ ಕೇಳಬೇಡಿ ಎಂಬ ಮಾತಿಗೆ ಇನ್ನೊಂದು ಕಾರಣ ಸೇರಿಸುತ್ತೇನೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ಇಲ್ಲ, ನಮ್ಮ ರಾಜ್ಯದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಹೀಗಿರುವಾಗ ಪರಿಶಿಷ್ಟ ಜಾತಿಯ ಕೇರಿಯ ಒಬ್ಬ ತಾಯಿಯ ಹೆಸರು ಚರ್ಚಿನ ರಿಜಿಸ್ಟರಿನಲ್ಲಿ, ಸಹಿಯೊಂದಿಗೆ, ಆರು ತಿಂಗಳು ಇದ್ದರೆ? ಬೇಳೆ ತೆಗೆದುಕೊಂಡ ಮಾತ್ರಕ್ಕೆ ಯಾರ ಧರ್ಮವೂ ಬದಲಾಗುವುದಿಲ್ಲ, ಕಾನೂನು ಹಾಗೆ ಹೇಳುವುದೂ ಇಲ್ಲ. ಆದರೆ ನಾಳೆ ಅವಳ ಮಗನ ಜಾತಿ ಪ್ರಮಾಣಪತ್ರಕ್ಕೆ ಯಾರೋ ತಕರಾರು ಹಾಕಿದರೆ ಆ ಪುಟದ ಜೆರಾಕ್ಸ್ ಸಾಕು, ವರ್ಷಗಟ್ಟಲೆ ಅಲೆಯಬೇಕು. ಆ ಭಯಕ್ಕೆ ಅವಳು ಚೀಲವೇ ಬೇಡ ಎನ್ನಬಹುದು. ಲೆಕ್ಕ ಬರೆಯುವಾಗ "ಬೇಳೆ ಇಷ್ಟು ಕಿಲೋ, ಆಸ್ಪತ್ರೆಗೆ" ಎಂದಷ್ಟೇ ಬರೆಯಿರಿ.

ತಾಂಡಾ ಹುಡುಗಿ, ಯಾದಗಿರಿ:

ನಮ್ಮಣ್ಣಗ ಆಗಿತ್ತು. ಯಾರೋ ದೊಡ್ಡ ಮಂದಿ ಬಂದು ಕಿಟ್ ಕೊಟ್ರು, ಚರ್ಚಿನವರೇನಲ್ಲ. ಬ್ಯಾನರ್ ಹಿಡಿಸಿ ಆರು ಜನರನ್ನ ಸಾಲಿಗೆ ನಿಲ್ಲಿಸಿ ಫೋಟೋ ತೆಗೆದ್ರು. ಸಂಜಿಗೆ ಆ ಫೋಟೋ ತಾಂಡಾದ ವಾಟ್ಸಾಪ್ ಗುಂಪಿಗೆ ಬಂತು. ಮರುದಿನದಿಂದ ಹೋಟೆಲ್‌ದಾಗ ಅವಗ ಕಾಗದದ ಕಪ್ಪಿನಾಗ ಚಾ. ಹತ್ತು ದಿನಕ್ಕ ಪುಣೆಗೆ ಹೋದ, ಗುಳಿಗಿ ಇಲ್ಲೇ ಬಿಟ್ಟು ಹೋದ. ಮುಂದಿನ ಕಿಟ್ ಬರಲೇ ಇಲ್ಲ, ಬಂದಿದ್ರೂ ತೊಗೊಳ್ಳೋರು ಇರಲಿಲ್ಲ.

ಫೋಟೋ ಬ್ಯಾಡ್ರಿ. ಇಷ್ಟೇ ಹೇಳ್ಬೇಕಂತ ಬರದೆ.

ಬೈಕ್ ಸೂಪರ್ವೈಸರ್:

ತಂಗಿ, ಅಣ್ಣ ಈಗ ಎಲ್ಲೇ ಇರಲಿ, ಅಲ್ಲಿನ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಗುಳಿಗಿ ಕೊಡ್ತಾರ. ಹಳೇ ದಾಖಲೆ ನಿಕ್ಷಯ್‌ನಾಗ ಇರ್ತದ, ಇಲ್ಲಿಂದ ಅಲ್ಲಿಗೆ ವರ್ಗಾಯಿಸಬಹುದು. ನಡುವ ಬಿಟ್ಟಿದ್ದನ್ನ ಮುಚ್ಚಿಡದೇ ಹೇಳಬೇಕು, ಮದ್ದಿಗೆ ಬಗ್ಗದ ಟಿ.ಬಿ. ಆಗ್ಯದೋ ಏನೋ ಅಂತ ಕಫ ಮತ್ತೊಮ್ಮೆ ಪರೀಕ್ಷೆ ಮಾಡ್ತಾರ. ಬೈಯೋದಿಲ್ಲ. ಬೈದರೂ ಗುಳಿಗಿ ಕೊಡ್ತಾರ.

ವಕೀಲರ ಸಿಟ್ಟಿಗೆ ನನ್ನದೂ ಸಹಿ ಇದೆ. ಆದ್ರ ಸರ್ಕಾರ ಪೂರ್ತಿ ಸುಧಾರಿಸೋ ತನಕ ರೋಗಿ ಕಾಯೋದಿಲ್ಲ.

ಜೀರಾ ಹತ್ತಿರದ ಮನಿ:

ಖಜಾಂಚಿ ಅಣ್ಣಾವ್ರೆ, ಒಬ್ಬರೇ ಯಾಕ ಹೊರ್ತೀರಿ? ಬೀದರದಾಗ ಸಿಖ್ಖರ ಗುರು ನಾನಕ್ ಜೀರಾ ಗುರುದ್ವಾರದ ಲಂಗರ್, ಅಂದ್ರ ಊಟದ ದಾಸೋಹ, ಅದ. ನಿಮ್ಮ ಮಗ್ಗಲಿಗೇ ಭಾಲ್ಕಿ ಹಿರೇಮಠದವರು ಅನಾಥ ಮಕ್ಕಳನ್ನ ಸಾಕ್ಯಾರ. ಪಿ.ಎಚ್.ಸಿ. ಡಾಕ್ಟರ್ ಕಡೆಯಿಂದ ಎಲ್ಲಾರನ್ನೂ ಒಂದ್ ದಿನ ಕರಸ್ರಿ. ಮಠದವರೂ ಮಸೂತಿಯವರೂ ನಿಮ್ಮ ಜೋಡಿ ಕುಂತ್ರ ವಿಡಿಯೋ ಮಾಡೋರಿಗೆ ಕೆಲಸ ಇರಲ್ಲ.

ಹುಂಜದ ಖಜಾಂಚಿ:

ಎಲ್ಲಾರಿಗೂ ಉಪಕಾರ. ಹನ್ನೆರಡು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಕಮಿಟಿಯೊಳಗ ದೊಡ್ಡ ಜಗಳ. ಹುಂಜ ಮೂರನೇ ಸಲ ತೊಗೊಂಡ ಹಿರಿಯರು "ಹೆಸರಿಲ್ದ ಕೊಟ್ರ ಕೊಟ್ಟಂಗ ಹ್ಯಾಂಗ?" ಅಂತ ಎದ್ದು ನಿಂತ್ರು. ಪಾಸ್ಟರ್ ಅಯ್ಯನೋರು ಮತ್ತಾಯನ ಆರನೇ ಅಧ್ಯಾಯ ತೆಗೆದ್ರು, ಎಡಗೈಗೆ ಗೊತ್ತಾಗದಂಗ ಬಲಗೈ ಕೊಡಬೇಕನ್ನೋದು. ಹಿರಿಯರು ಸುಮ್ಮನ ಕುಂತ್ರು, ಒಪ್ಪಿದ್ರಂತ ಅಲ್ಲ. ಅಯ್ಯನೋರು ನಮ್ಮ ಚರ್ಚಿನ ಜಿಲ್ಲಾ ಸೂಪರಿಂಟೆಂಡೆಂಟ್ ಅಯ್ಯನೋರಿಗೂ ಫೋನ್ ಮಾಡಿ ತಿಳಿಸ್ಯಾರ. ನಮ್ಮವರಿಗೆ ಮೊದಲು ಅನ್ನೋ ಮಾತು ಮಾತ್ರ ಒಳಗೊಳಗ ಇನ್ನಾ ನಡ್ದದ.

ಪಿ.ಎಚ್.ಸಿ.ಗೆ ಹೋದ್ವಿ. ಲೇಡಿ ಡಾಕ್ಟರ್, ಸಣ್ಣ ವಯಸ್ಸು. ಅಲ್ಲೇ ಮೊಬೈಲ್‌ದಾಗ ನನ್ನ ಹೆಸರು ಹಚ್ಚಿದ್ರು. ಅವರ ಕಡೆ ಗುಳಿಗಿ ತೊಗೊಳ್ಳೋರು ಏಳು ಮಂದಿ, ಅದರಾಗ ನಾಲ್ವರು ಒಪ್ಪಿದ್ರು. ಮೂವರು ಬ್ಯಾಡ ಅಂದ್ರಂತ. ವಕೀಲ ಸಾಹೇಬ್ರು ಹೇಳಿದ ಕಾರಣಕ್ಕೋ ಏನೋ, ನಾನು ಕೇಳಲಿಲ್ಲ. ಆ ನಾಲ್ವರು ಯಾರಂತ ನಂಗೂ ಗೊತ್ತಿಲ್ಲ, ಚೀಲ ಆಶಾ ಅಕ್ಕ ಒಯ್ತಾರ. ಖರೇ ಹೇಳ್ತೀನಿ, ನಮ್ಮ ಓಣಿಯೊಳಗ ಒಂದ್ ಮನಿಯಿಂದ ರಾತ್ರಿ ಕೆಮ್ಮು ಕೇಳ್ತದ. ಆಶಾ ಅಕ್ಕ ಆ ಕಡೆ ಹೊಂಟ್ರ ನಾನು ಹಾರ್ಮೋನಿಯಂ ಒರೆಸ್ಲಾಕ ಒಳಗ ಹೋಗ್ತೀನಿ.

ನಮ್ಮ ಅಂಗಡಿ ರೇಟಿನಾಗ ತತ್ತಿ ಹಿಡಿದು ಒಂದ್ ಚೀಲಕ್ಕ 720 ರೂಪಾಯಿ ಬೀಳ್ತದ. ನಾಲ್ಕು ಮಂದಿ, ಆರು ತಿಂಗಳು, 17,280. ಉಳಿದ 11,120ರಾಗ ಎಕ್ಸ್‌ರೇಗೆ ಭಾಲ್ಕಿಗೆ ಹೋಗಿ ಬರೋ ಖರ್ಚು, ಬ್ಯಾಂಕಿಗೆ ಜೋಡಿ ಹೋಗೋ ಹುಡುಗನ ಚಾ ಪಾಣಿ. ಅಂವ ಈಗಾಗಲೇ ಒಬ್ಬರ ಖಾತೆ ಸರಿ ಮಾಡಿಸ್ಯಾನ, ಮೂರು ತಿಂಗಳ ಬಾಕಿ ಒಮ್ಮಿಗೆ ಬಂತಂತ. ಯಾರ ಖಾತೆ ಅಂತ ಅಂವ ಹೇಳಲಿಲ್ಲ, ನಾನೇ ಬ್ಯಾಡ ಅಂದಿದ್ದೆ.

ಮಠಕ್ಕ, ಮಸೂತಿಗೆ ಇನ್ನಾ ಹೋಗಿಲ್ಲ, ಹೋಗ್ಬೇಕು. ಒಂದೇ ಕೇಳೋದು ಉಳ್ದದ: ಹಾಲಿನ ಪುಡಿ ಕೊಡ್ಲೋ, ಶೇಂಗಾ ಕೊಡ್ಲೋ?

ಬೈಕ್ ಸೂಪರ್ವೈಸರ್:

ಶೇಂಗಾ. ಹಾಲಿನ ಪುಡಿ ಮನಿ ಮಂದಿಯೆಲ್ಲಾ ಚಾಕ್ಕ ಹಾಕ್ಕೊಂಡು ಮುಗಿಸ್ತಾರ.