ಅಕ್ಕಿ ಕಿಟ್ ಬಿಟ್ಟು ಹಕ್ಕಿನ ಕೆಲಸಕ್ಕೆ ಇಳಿಯಬೇಕು: ಸಭೆಯಲ್ಲಿ ಎಲ್ಲಿಂದ ಶುರು ಮಾಡುವುದು?

ಗೋಪುರದ ಗಂಟೆ (ಪ್ರಶ್ನೆ)

ನಮ್ಮದು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಜಾತಿ, ಭಾಷೆ, ಲಿಂಗ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳಬೇಕು ಅಂತ ಸಮಿತಿಯಲ್ಲಿ ಠರಾವು ಆಗಿದೆ. ಆದರೆ ಕೆಲಸ ಅಂದರೆ ಈಗಲೂ ತಿಂಗಳಿಗೊಮ್ಮೆ ಅಕ್ಕಿ-ಬೇಳೆ ಹಂಚುವುದೇ. ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ದುಡಿಯುವ ಒಡಿಶಾ, ಜಾರ್ಖಂಡದವರು, ಕಟ್ಟಡ ಕೆಲಸದ ಉತ್ತರ ಕರ್ನಾಟಕದವರು ಸುತ್ತಮುತ್ತ ತುಂಬ ಇದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಒಂದು ನೆರವಿನ ಮೇಜು ಹಾಕುವ ಯೋಚನೆ ಉಂಟು. ಯಾವ ಕೆಲಸ ಮೊದಲು ಹಿಡಿಯಬೇಕು? ಗಲ್ಫ್, ಕೆನಡಾದಲ್ಲಿರುವ ಸಭೆಯವರು ದುಡ್ಡು ಕಳಿಸುತ್ತೇವೆ ಅಂತಾರೆ, ತೆಗೆದುಕೊಳ್ಳಬಹುದಾ? ಮತಾಂತರ ಅಂತ ಯಾರಾದರೂ ಗಲಾಟೆ ಎಬ್ಬಿಸಿದರೆ?

ದಕ್ಕೆ ಸಾಲು

ರೇಷನ್‌ನಿಂದ ಶುರು ಮಾಡಿ. ನೀವು ತಿಂಗಳಿಗೊಮ್ಮೆ ಕೊಡುವ ಅಕ್ಕಿ ಅವರಿಗೆ ಪ್ರತಿ ತಿಂಗಳೂ ಸರ್ಕಾರದಿಂದ ಬರಬೇಕಾದದ್ದೇ. ಊರಲ್ಲಿ ಆಹಾರ ಭದ್ರತಾ ಕಾಯ್ದೆಯ ಕಾರ್ಡ್ ಇದ್ದರೆ ಇಲ್ಲಿನ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಪಾಲು ಎತ್ತಬಹುದು. ಹೊಸ ಕಾರ್ಡ್ ಬೇಡ, ಕಾರ್ಡ್ ನಂಬರ್ ಅಥವಾ ಆಧಾರ್ ಸಾಕು. ಮನೆಯವರು ಊರಲ್ಲೇ ಇದ್ದರೆ ಒಂದಷ್ಟು ಅಲ್ಲಿ, ಒಂದಷ್ಟು ಇಲ್ಲಿ ಎತ್ತಲಿಕ್ಕೂ ಆಗುತ್ತದೆ. ಹೊರರಾಜ್ಯದವರಿಗೆ ಇಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಆದ್ಯತಾ ಕಾರ್ಡ್ ಆದರೆ ಒಬ್ಬರಿಗೆ 5 ಕೆಜಿ. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಅಂಗಡಿಯವನು ಕದ್ದ ಅಂತ ಜಗಳ ಆಗುತ್ತದೆ.

ಕೆಲಸ ಕೆಡುವುದು ಬೆರಳಿನಲ್ಲಿ. ಐಸ್, ಉಪ್ಪುನೀರು, ಮೀನಿನ ಮುಳ್ಳಲ್ಲಿ ದುಡಿದ ಕೈ. ಸಿಮೆಂಟಿನ ಕೈ ಇನ್ನೂ ಕಷ್ಟ. ಗೆರೆ ಸವೆದು ಅಂಗಡಿಯ ಯಂತ್ರ ಒಪ್ಪುವುದಿಲ್ಲ. ಕೈ ತೊಳೆದು ಪೂರ್ತಿ ಒರೆಸಿ, ಹತ್ತೂ ಬೆರಳು ಒಂದೊಂದಾಗಿ ನೋಡಿ. ಹೆಚ್ಚು ಸವೆಯದ ಬೆರಳು ಯಾವುದೆಂದು ಗೊತ್ತಾದರೆ ಅದನ್ನು ಅವರಿಗೇ ಹೇಳಿಡಿ. ಆಗಲೂ ಆಗದಿದ್ದರೆ ಕಣ್ಣಿನ ಪಾಪೆ ಅಥವಾ ಒಟಿಪಿ. ಒಟಿಪಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು, ಎಷ್ಟೋ ಜನರದ್ದು ಹಳೇ ಸಿಮ್, ಸತ್ತು ಹೋಗಿರುತ್ತದೆ. ಹಾಗಾಗಿ ಮೇಜಿನ ಮೊದಲ ತಿಂಗಳ ಮುಖ್ಯ ಕೆಲಸವೇ ಜನರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮೊಬೈಲ್ ನಂಬರ್, ಬೆರಳಚ್ಚು ಹೊಸದು ಮಾಡಿಸುವುದು ಅಂದುಕೊಳ್ಳಿ. ಬೆರಳು ಸರಿ ಇದ್ದೂ ಸಿಗದಿದ್ದರೆ ಊರಿನ ಕಾರ್ಡ್‌ನಲ್ಲಿ ಆಧಾರ್ ಜೋಡಣೆ ಆಗಿಲ್ಲ, ಅಥವಾ ಇ-ಕೆವೈಸಿ (ಗುರುತಿನ ದೃಢೀಕರಣ) ಬಾಕಿ. ಅಂಗಡಿಯವನು ಸುಮ್ಮನೆ "ಸ್ಟಾಕ್ ಇಲ್ಲ" ಅಂದರೆ ರೇಷನ್ ಸಹಾಯವಾಣಿ 1967ಕ್ಕೆ ದೂರು ಕೊಡಿ.

ಎರಡನೆಯದು ಕಟ್ಟಡ ಕಾರ್ಮಿಕರ ಮಂಡಳಿ ನೋಂದಣಿ. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಮೇಸ್ತ್ರಿ ಸಹಿ ಹಾಕುವುದಿಲ್ಲ, ಎಲ್ಲ ನಿಲ್ಲುವುದು ಅಲ್ಲೇ. ಅವನ ಹಿಂದೆ ಅಲೆಯಬೇಡಿ. ನೋಂದಾಯಿತ ಯೂನಿಯನ್ ಅಥವಾ ಕಾರ್ಮಿಕ ನಿರೀಕ್ಷಕರಿಂದಲೂ ದೃಢೀಕರಣ ಪಡೆಯಬಹುದು. ಪ್ರತಿಯೊಬ್ಬರಿಗೂ ಒಂದು ಚಿಕ್ಕ ನೋಟ್‌ಬುಕ್ ಕೊಡಿ: ತಾರೀಕು, ಸೈಟ್, ಮೇಸ್ತ್ರಿ ಫೋನ್, ಮಾತಾದ ಕೂಲಿ, ಕೈಗೆ ಬಂದದ್ದು. ಮುಂದೆ ಕೂಲಿ ಬಾಕಿ ದೂರಿಗೂ ಅದೇ ಆಧಾರ. ಬರೆಯಲು ಬಾರದವರಿಗೆ ನಿಮ್ಮ ಯುವಜನರು ಬರೆದು ಕೊಡಲಿ.

ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಕೇಂದ್ರ ನೋಂದಣಿ) ಸುಲಭ: 16ರಿಂದ 59 ವಯಸ್ಸು, ಪಿಎಫ್-ಇಎಸ್‌ಐ ಇಲ್ಲದವರು. ಆದರೆ ಅದರಿಂದ ಕೂಡಲೇ ದುಡ್ಡು ಬರುತ್ತದೆ ಅಂತ ಆಸೆ ಹುಟ್ಟಿಸಬೇಡಿ.

ಸಮಯವನ್ನೂ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಬೋಟಿನವರಲ್ಲಿ ಹೆಚ್ಚಿನವರು ಊರಿಗೆ ಹೋಗಿರುತ್ತಾರೆ. ಆ ಎರಡು ತಿಂಗಳು ನಿಮ್ಮ ಸ್ವಯಂಸೇವಕರಿಗೆ ತರಬೇತಿ ಮಾಡಿ, ಆಗಸ್ಟ್‌ನಲ್ಲಿ ಮೇಜು ಹಾಕಿ. ಹಿಂದಿ ಬಲ್ಲವರು ಒಬ್ಬರಾದರೂ ಇರಲೇಬೇಕು.

ಕಾಣಿಕೆ ಲೆಕ್ಕ

ದುಡ್ಡಿನ ವಿಷಯ. ಇಲ್ಲಿ ದೇಶಕ್ಕಿಂತ ಪಾಸ್‌ಪೋರ್ಟ್ ಮುಖ್ಯ. ದುಬೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಕೆನಡಾ ಪೌರತ್ವ ತೆಗೆದುಕೊಂಡವರದ್ದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ರಜೆಗೆ ಬಂದು ಇಲ್ಲಿ ರೂಪಾಯಿಯಲ್ಲೇ ಕೊಟ್ಟರೂ ಬದಲಾಗುವುದಿಲ್ಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟಬೇಡಿ. ನೋಂದಣಿಗೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ ಉದ್ದೇಶಿತ ಕೆಲಸಕ್ಕೆ ₹15 ಲಕ್ಷ ಖರ್ಚಾಗಿರಬೇಕು, ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಬೇರೆ ಸಂಸ್ಥೆ ತಗೊಂಡು ನಿಮಗೆ ದಾಟಿಸುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ಒಂದು ಮೇಜು, ನಾಲ್ಕು ಕುರ್ಚಿ, ಆಟೋ ಬಾಡಿಗೆಗೆ ಇಷ್ಟೆಲ್ಲ ಯಾಕೆ ಮಾರಾಯ್ರೇ? ಊರಿನ ಕಾಣಿಕೆ ಸಾಕು.

ತೆರಿಗೆ ವಿನಾಯಿತಿಯ ರಸೀದಿ ಕೊಡುವ ಹಾಗಿದ್ದರೆ, ₹2,000 ಮೀರಿದ ನಗದಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಈ ಕೆಲಸಕ್ಕೆ ಬೇರೆ ಖಾತೆ, ಇಬ್ಬರ ಸಹಿ. ಹಬ್ಬದ ಖರ್ಚಿಗೆ ಇದರಿಂದ "ಸ್ವಲ್ಪ ಸಾಲ" ತೆಗೆಯುವ ಚಾಳಿ ಎಲ್ಲ ಕಡೆ ಉಂಟು, ಅದಕ್ಕೇ ಹೇಳಿದ್ದು.

ಹಳೆ ಹಂಚು

ಮತಾಂತರದ ಪ್ರಶ್ನೆಗೆ: 2022ರ ಕರ್ನಾಟಕ ಕಾಯ್ದೆಯಲ್ಲಿ "ಆಮಿಷ"ದ ವ್ಯಾಖ್ಯೆ ಬಹಳ ಅಗಲ, ಉಡುಗೊರೆ, ಹಣ, ಉಚಿತ ಶಿಕ್ಷಣ ಎಲ್ಲ ಒಳಗೆ ಬರುತ್ತದೆ. ಮೇಜಿನ ಮೇಲೆ ಬೈಬಲ್, ಕರಪತ್ರ ಬೇಡ. ಪ್ರಾರ್ಥನೆಗೆ ಕರೆಯುವುದೂ ಬೇಡ. ಫೋಟೋ ತೆಗೆಯಬೇಡಿ. ಆಧಾರ್ ಜೆರಾಕ್ಸ್ ಇಟ್ಟುಕೊಳ್ಳಬೇಡಿ, ವಾಟ್ಸ್ಆ್ಯಪ್‌ ಗುಂಪಿಗಂತೂ ಹಾಕಲೇಬೇಡಿ. ಇದು ಹೆದರಿಕೆಗೆ ಹೇಳಿದ್ದಲ್ಲ, ಬಂದವರ ಮರ್ಯಾದೆಗೂ ಇದೇ ಸರಿ.

ಜಾತಿ ಪ್ರಮಾಣಪತ್ರದಲ್ಲಿ ಸಲಹೆ ಕೊಡುವಾಗ ಎಚ್ಚರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಎಸ್‌ಸಿ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕರ್ನಾಟಕದಲ್ಲಿ ಎಸ್‌ಸಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ (ಎರಡೂ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಗುಂಪುಗಳು). ಹೆಚ್ಚಿನ ಕುಟುಂಬಗಳಿಗೆ ಪ್ರವರ್ಗ-1 ಸಿಗುತ್ತದೆ ಅಂತಲೇ ಗೊತ್ತಿರುವುದಿಲ್ಲ, ಮಕ್ಕಳ ಅರ್ಜಿಯಲ್ಲಿ 3ಬಿ ಬರೆದು ಕೂತಿರುತ್ತಾರೆ. ನಾಡಕಚೇರಿ ಅರ್ಜಿಗೆ ನಿಮ್ಮ ಮೇಜು ಕೈಹಾಕಬೇಕಾದದ್ದು ಇಲ್ಲಿ. ಎಸ್‌ಟಿಗೆ ಧರ್ಮದ ಷರತ್ತಿಲ್ಲ. ಕೊರಗರು ಕ್ರೈಸ್ತರಾದರೂ ಎಸ್‌ಟಿಯೇ. ಎಸ್‌ಸಿ ಪತ್ರ ಇಟ್ಟುಕೊಂಡೇ ಆರಾಧನೆಗೆ ಬರುವವರಿಗೆ "ಏನೂ ಆಗಲ್ಲ" ಅನ್ನಬೇಡಿ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣದಲ್ಲಿ ಕಟುವಾಗಿ ಹೇಳಿದೆ. ಉಚಿತ ವಕೀಲರಿಗೆ ಕಾನೂನು ನೆರವಿನ ಸಹಾಯವಾಣಿ 15100.

ಇನ್ನು ನಿಮ್ಮ ಠರಾವು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಪದ್ಧತಿ ಇನ್ನೂ ಇದ್ದರೆ ಲಿಂಗತ್ವ ಅಲ್ಪಸಂಖ್ಯಾತರು ಬಾಗಿಲಲ್ಲೇ ನಿಲ್ಲುತ್ತಾರೆ. ಹಿಂದಿನ ಕೆಲವು ಸಾಲುಗಳನ್ನು ಎಲ್ಲರಿಗೂ ಅಂತ ಬಿಡುವುದಲ್ಲ, ಎಲ್ಲ ಸಾಲೂ ಬಿಡಿ. ರ‍್ಯಾಂಪ್ 1:12 ಇಳಿಜಾರು: 6 ಇಂಚಿನ ಮೂರು ಮೆಟ್ಟಿಲಿಗೆ 18 ಅಡಿ ಉದ್ದ ಬೇಕು, 4 ಅಡಿ ಅಗಲ. ಜಾಗ ಇಲ್ಲ ಅಂತ 8 ಅಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ನುಣುಪು ಟೈಲ್ಸ್ ಹಾಕಬೇಡಿ, ನಮ್ಮ ಮಳೆಗೆ ಪಾಚಿ ಕಟ್ಟುತ್ತದೆ. ಗೀರು ಎಳೆದ ಕಾಂಕ್ರೀಟ್ ಇರಲಿ.

ಗೋಪುರದ ಗಂಟೆ

ತುಂಬ ಉಪಕಾರ. ಸಭಾಪಾಲಕರಿಗೂ ಇದನ್ನೇ ತೋರಿಸುತ್ತೇನೆ. ಸಮಿತಿಯಲ್ಲಿ "ಹೊರಗಿನವರಿಗೆ ಇಷ್ಟೆಲ್ಲ, ನಮ್ಮ ಒಳಗೆ?" ಅಂತ ಕೇಳುವವರು ಇದ್ದಾರೆ. ಅವರಿಗೆ ಎಂತ ಹೇಳುವುದು?

ದಕ್ಕೆ ಸಾಲು

ಸರಿಯಾಗೇ ಕೇಳಿದ್ದಾರೆ, ಅವರನ್ನೇ ಆ ಕೆಲಸಕ್ಕೆ ಹಾಕಿ. ನಿಮ್ಮ ಚರ್ಚಿನ ಕಾವಲುಗಾರ, ಗುಡಿಸುವವರ ಸಂಬಳವನ್ನು ಕಾರ್ಮಿಕ ಇಲಾಖೆಯ ಕನಿಷ್ಠ ವೇತನ ಪಟ್ಟಿ ಪಕ್ಕದಲ್ಲಿಟ್ಟು ನೋಡಲಿ. ಮದುವೆ ಸೀಸನ್‌ಗೆ ಮುಂಚೆ ಹಾಲ್‌ನ ಶೌಚದ ಗುಂಡಿ ಖಾಲಿ ಮಾಡಿಸುವವರು ಯಾರು, ಯಂತ್ರದ ಗಾಡಿಯಾ ಮನುಷ್ಯನಾ ಅಂತ ವಿಚಾರಿಸಲಿ. ಸುರಕ್ಷತೆ ಇಲ್ಲದೆ ಮನುಷ್ಯನನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧ. 10 ಮತ್ತು ಹೆಚ್ಚು ಜನ ಕೆಲಸಕ್ಕಿದ್ದರೆ ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಮಹಿಳೆ, ಹೊರಗಿನ ಸದಸ್ಯರೊಬ್ಬರು. ಸಭೆಯ ಶಾಲೆ ಇದ್ದರೆ ಅಲ್ಲಿಯೂ. ಈ ಮೂರರ ವರದಿ ಬರುವವರೆಗೆ ಮೇಜು ನಿಲ್ಲಿಸಬೇಡಿ, ಎರಡೂ ಒಟ್ಟಿಗೆ ನಡೆಯಲಿ.