ಮಳೆ ಬಂದ್ರೆ ಬಾತ್‌ರೂಮಲ್ಲಿ ಯುಜಿಡಿ (ಒಳಚರಂಡಿ) ನೀರು ಉಕ್ತೈತೆ, ಏನ್ ಮಾಡೋದು? (ತುಮಕೂರು)

ಇಳಿಜಾರಿನ ಮನೆ
ನಮ್ದು ಶಿರಾ ಗೇಟ್ ಕಡೆ, ರಸ್ತೆ ಇಳಿಜಾರಲ್ಲಿ ಕೊನೇ ಮನೆ. ಜೋರು ಮಳೆ ಹಿಡ್ಕೊಂಡ್ರೆ ಕಾಲು ಗಂಟೆಗೆ ಬಾತ್‌ರೂಮ್ ಜಾಲರಿಯಿಂದ ಗುಳುಗುಳು ಅಂತ ಶುರುವಾಗಿ ಕಪ್ಪು ನೀರು ಮೇಲೆ ಬರ್ತೈತೆ, ಮೊನ್ನೆ ಅಮ್ಮ ಒಗೆಯೋಕೆ ಇಟ್ಟಿದ್ದ ಸೀರೆಗಳೆಲ್ಲ ಅದ್ರಲ್ಲೇ ನೆಂದೋದ್ವು. ದೂರು ಕೊಟ್ರೆ ಜೋರಾಗಿ ನೀರು ಹೊಡೆದು ಪೈಪ್ ಕ್ಲೀನ್ ಮಾಡೋ ಜೆಟ್ಟಿಂಗ್ ಗಾಡಿ ತಂದು ಹೊಡೆದು ಹೋಗ್ತಾರೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಬ್ಲಾಕ್ ಆಗಿದ್ರೆ ದಿನಾ ಕಟ್ಕೋಬೇಕಲ್ವಾ, ಮಳೆ ಬಂದಾಗ ಮಾತ್ರ ಯಾಕೆ?

ಕ್ಯಾತ್ಸಂದ್ರ ಬಾಯ್
ಪೈಪ್ ಸಣ್ಣದು ಹಾಕಿರ್ತಾರೆ ಗುರು. ದೊಡ್ಡದು ಹಾಕ್ಸಿ ಅಂತ ಅರ್ಜಿ ಕೊಡಿ.

ಚೇಂಬರ್ ಮೇಸ್ತ್ರಿ
ಪೈಪ್ ಸಣ್ಣದಲ್ಲ ಸಾರ್, ಅದಕ್ಕೆ ಬರಬಾರದ ನೀರು ಬರ್ತಾ ಐತೆ. ಯುಜಿಡಿ ಲೆಕ್ಕ ಹಾಕೋದೇ ಮನೆ ಬಳಕೆ ನೀರಿಗೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದು ಅದ್ರಲ್ಲಿ 80 ಪರ್ಸೆಂಟ್ ಪೈಪಿಗೆ ಬರ್ತದೆ ಅಂತ ಲೆಕ್ಕ, ಅಂದ್ರೆ ನಾಲ್ಕು ಜನದ ಮನೆಗೆ ದಿನಕ್ಕೆ 430 ಲೀಟರ್ ಆಸುಪಾಸು. ಈಗ ಸಾವಿರ ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿತ್ತು ಅನ್ಕೊಳ್ಳಿ, 4,600 ಲೀಟರ್ ಆಗ್ತದೆ, ಅದೂ ಒಂದೆರಡು ಗಂಟೇಲಿ. ತಾರಸಿ ಪೈಪನ್ನ ಹತ್ತು ಮನೆಯವ್ರು ಯುಜಿಡಿ ಚೇಂಬರಿಗೆ ಸೇರ್ಸಿದ್ರೂ ಸಾಕು, ತಗ್ಗಲ್ಲಿರೋ ನಿಮ್ಮನೇಲಿ ಉಕ್ತದೆ. ಮಳೆ ಬರ್ವಾಗ ಕೊಡೆ ಹಿಡ್ಕೊಂಡು ಬೀದಿ ಮೇಲಕ್ಕೆ ಒಂದ್ಸಲ ನಡ್ಕೊಂಡು ಹೋಗಿ, ಯಾರ ಮನೆ ತಾರಸಿ ಪೈಪ್ ನೀರು ರಸ್ತೆ ಬದಿ ಮೋರಿಗೆ ಬೀಳ್ತಿಲ್ವೋ ನೋಡಿ.

ಅಮಾನಿಕೆರೆ ವಾಕರ್
ನಿಜ. ಹಾಸನದ ಕಡೆಯಿಂದ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ತಂದು ಕುಡಿಯೋ ಊರು ನಮ್ದು, ತಲೆ ಮೇಲೆ ಬಿದ್ದ ನೀರನ್ನ ಕಕ್ಕಸ್ ಪೈಪಿಗೆ ಬಿಡ್ತೀವಿ! ಮೋರಿ ಮೇಲೆ ಕಾರ್ ಹತ್ಸೋಕೆ ಕಾಂಕ್ರೀಟ್ ಹಾಕಿ ಮುಚ್ಚಿರೋರೂ ಕಮ್ಮಿ ಇಲ್ಲ, ಪಾಪ ಆ ನೀರಾದ್ರೂ ಎಲ್ಲಿಗೆ ಹೋಗ್ಬೇಕು.

ಇಳಿಜಾರಿನ ಮನೆ
ನಿನ್ನೆ ಮಳೇಲಿ ಹೋಗಿ ನೋಡ್ದೆ ಮೇಸ್ತ್ರಿ. ಆರು ಮನೇದು ಮೋರಿಗೆ ಬರ್ತಿಲ್ಲ. ಹೇಳೋಕೆ ನಾಚಿಕೆ, ಏಳನೇದು ನಮ್ದೇ 😅 ಅಂಗಳಕ್ಕೆ ಟೈಲ್ಸ್ ಹಾಕ್ಸೋವಾಗ ಅಪ್ಪ ಸೇರ್ಸಿಬಿಟ್ಟವ್ರೆ, ಅಂಗಳ ಗಲೀಜಾಗ್ತದೆ ಅಂತ. ನೀರು ವಾಪಸ್ ಬರದಂಗೆ ತಡೆಯೋ ವಾಲ್ ಸಿಗ್ತದಂತಲ್ಲ, ಸದ್ಯಕ್ಕೆ ಅದು ಹಾಕ್ಸಿದ್ರೆ ಸಾಕಾ?

ಚೇಂಬರ್ ಮೇಸ್ತ್ರಿ
ಹಾಕ್ಸಿ, ಆದ್ರೆ ಮೊದ್ಲು ತಾರಸಿ ಪೈಪ್ ಬಿಡಿಸ್ಕೊಳ್ಳಿ. ಆ ವಾಲ್ ಮುಚ್ಕೊಂಡಾಗ ಒಳಗಿನ ನೀರೂ ಆಚೆ ಹೋಗಲ್ಲ, ಬೀದಿ ನೀರು ಒಳಗೆ ಬರೋದು ತಪ್ಪಿದ್ರೂ ನಿಮ್ಮ ತಾರಸಿ ನೀರೇ ಬಾತ್‌ರೂಮಿಗೆ ಬರ್ತದೆ. ಪೈಪ್ ಬಿಡಿಸಿದ್ಮೇಲೆ ಮೊದಲ ಮಳೆ ನೀರು ಆಚೆ ಬಿಟ್ಟು, ಆಮೇಲಿಂದು ಫಿಲ್ಟರ್ ಹಾಕಿ ಸಂಪಿಗೆ ತಗೊಳ್ಳಿ, ಹೆಚ್ಚಾಗಿದ್ದು ಮೋರಿಗೆ ಬಿಡಿ. ಮತ್ತೆ ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸೋಕೆ ಹೋಗ್ಬೇಡಿ ಸಾರ್, ಗ್ಯಾಸ್ ಇರ್ತದೆ, ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೇಲಿ ಅಪರಾಧ ಕೂಡ.

ಇಳಿಜಾರಿನ ಮನೆ
ಆಯ್ತು, ಭಾನುವಾರ ನಮ್ದೇ ಮೊದ್ಲು ಒಡೆಸ್ತೀನಿ, ಆಮೇಲೆ ಆ ಆರು ಮನೆ ಬಾಗಿಲು ತಟ್ಟೋಕೆ ಮುಖ ಇರ್ತದೆ. ಅಪ್ಪನ್ನ ಒಪ್ಸೋದೇ ದೊಡ್ಡ ಕೆಲ್ಸ, ಟೈಲ್ಸ್ ಒಡೀಬೇಕಲ್ಲ.