2 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಸೂಕ್ತ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2009ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಇಂಟೆಲ್ ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಅದರಲ್ಲಿರುವ ವಿಂಡೋಸ್ 7ಕ್ಕೆ ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿಯಲ್ಲೇ ನಿಂತುಹೋದ ಕಾರಣ ಅದನ್ನು ಇಂಟರ್‌ನೆಟ್ಟಿಗೆ ಜೋಡಿಸಲು ಧೈರ್ಯ ಸಾಲುತ್ತಿಲ್ಲ. ಯಂತ್ರ ಮಾತ್ರ ಗಟ್ಟಿಮುಟ್ಟಾಗಿದೆ, ಕೀಬೋರ್ಡಿನ ಒಂದು ಕೀಲಿಯೂ ಕೆಟ್ಟಿಲ್ಲ. ಮೂಲೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ತಂದೆಯವರು ಇದರಲ್ಲಿ ಮೇಲ್ ನೋಡಬೇಕು, ಸುದ್ದಿ ಓದಬೇಕು, ಕನ್ನಡದಲ್ಲಿ ಬರೆಯಬೇಕು, ಅಷ್ಟೇ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕೋಣವೆಂದರೆ, ಅದರಲ್ಲೇ ಮಿಂಟ್, ಲುಬುಂಟು, ಆಂಟಿಎಕ್ಸ್, ಪಪ್ಪಿ ಎಂದು ಹತ್ತಾರು ಹೆಸರು ಕೇಳಿ ತಲೆ ಗೊಂದಲವಾಗಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ 1

ನಿಮ್ಮ ಪ್ರೊಸೆಸರ್ ಇಂದಿನ ಬಹುತೇಕ ಲಿನಕ್ಸ್‌ಗಳು ಬಯಸುವ 64 ಬಿಟ್‌ನದು, ಆದ್ದರಿಂದ ಆಯ್ಕೆಗೆ ಬರವಿಲ್ಲ. ನನ್ನ ಸಲಹೆ ಲಿನಕ್ಸ್ ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಹಿತ ಎಂದು ಅದನ್ನು ರೂಪಿಸುವವರೇ ಹೇಳುತ್ತಾರೆ. ಲುಬುಂಟು ಇನ್ನೂ ಸ್ವಲ್ಪ ಹಗುರ. ಆದರೆ ಅದರ ದೀರ್ಘಾವಧಿ ಆವೃತ್ತಿಗಳಿಗೆ ಅಪ್‌ಡೇಟ್ ದೊರೆಯುವುದು ಮೂರು ವರ್ಷ, ಮಿಂಟ್‌ಗೆ ಐದು ವರ್ಷ. ಪದೇ ಪದೇ ಹೊಸದಾಗಿ ಹಾಕಿಕೊಡುವ ಕೆಲಸ ತಪ್ಪಬೇಕಾದರೆ ಈ ವ್ಯತ್ಯಾಸ ದೊಡ್ಡದು. ಬೇರೊಂದು ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಸಿದ್ಧಪಡಿಸಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಆರಂಭಿಸಿ, ವೈಫೈ, ಧ್ವನಿ, ಪರದೆಯ ಬೆಳಕು ಮೂರನ್ನೂ ಪರೀಕ್ಷಿಸಿ ನೋಡಿ. ಪೆನ್ ಡ್ರೈವಿನಿಂದ ನಡೆಯುವಾಗ ಎಲ್ಲವೂ ನಿಧಾನವೇ. ಅದನ್ನು ಕಂಡು ನಿರಾಶರಾಗಬೇಡಿ.

ಉತ್ತರ 2

ಮೇಲಿನವರ ಸಲಹೆ ಸರಿಯೇ, ಆದರೆ ಹೆಸರಿನ ಆಯ್ಕೆಗೆ ನಾವು ಕೊಡುವ ಮಹತ್ವ ಹೆಚ್ಚಾಯಿತು ಎಂಬುದು ನನ್ನ ಅನುಭವ. ಇಂಥದ್ದೇ ಯಂತ್ರಕ್ಕೆ ನಾನು ಒಂದರ ನಂತರ ಒಂದರಂತೆ ಮೂರು ಲಿನಕ್ಸ್‌ಗಳನ್ನು ಹಾಕಿದೆ. ಮೂರೂ ಚುರುಕಾಗಿಯೇ ತೆರೆದುಕೊಂಡವು. ಆದರೆ ಬ್ರೌಸರಿನಲ್ಲಿ ಐದನೆಯ ಟ್ಯಾಬ್ ತೆರೆದೊಡನೆ ಡಿಸ್ಕಿನ ಪುಟ್ಟ ದೀಪ ಆರದೆ ಉರಿಯತೊಡಗುತ್ತಿತ್ತು, ಮೌಸಿನ ಬಾಣ ನಿಂತಲ್ಲೇ ನಿಲ್ಲುತ್ತಿತ್ತು. ರ‍್ಯಾಮ್ ತುಂಬಿದಾಗ ವ್ಯವಸ್ಥೆಯು ಅದರಲ್ಲಿರುವುದನ್ನು ಹಾರ್ಡ್ ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ, ತಿರುಗುವ ಡಿಸ್ಕಿಗೆ ಆ ವೇಗ ಇರುವುದಿಲ್ಲ. ಇಂದಿನ ಜಾಲತಾಣಗಳ ಭಾರವನ್ನು ಯಾವ ಹಗುರ ಡೆಸ್ಕ್‌ಟಾಪೂ ಇಳಿಸಲಾರದು.

ಆದ್ದರಿಂದ ಮೊದಲು ಕೆಳಭಾಗದ ಮುಚ್ಚಳ ತೆಗೆದು ರ‍್ಯಾಮ್ ಪಟ್ಟಿಯ ಮೇಲಿನ ಚೀಟಿ ಓದಿ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಡಿಡಿಆರ್2 ಬಗೆಯ ರ‍್ಯಾಮ್ ಇರಬಹುದು, ಡಿಡಿಆರ್3 ಬಗೆಯದೂ ಇರಬಹುದು. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 4 ಜಿಬಿ ಮಾಡಿ, ಹಾರ್ಡ್ ಡಿಸ್ಕಿನ ಬದಲು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಅದೇ ಯಂತ್ರವೇ ಇದು ಎಂದು ಬೆರಗಾಗುತ್ತೀರಿ. ಅದು ಸಾಧ್ಯವಿಲ್ಲದಿದ್ದರೆ ಝಡ್‌ರ‍್ಯಾಮ್ ಸೌಲಭ್ಯವನ್ನಾದರೂ ಚಾಲೂ ಮಾಡಿ. ಅದು ಡಿಸ್ಕಿಗೆ ಹೋಗಬೇಕಾದ್ದನ್ನು ರ‍್ಯಾಮಿನೊಳಗೇ ಕುಗ್ಗಿಸಿ ಇಡುತ್ತದೆ.

ಉತ್ತರ 3

32 ಬಿಟ್ ಯಂತ್ರ ಇರುವವರೂ ಇದನ್ನು ಓದಬಹುದೆಂದು ಒಂದು ಮಾತು ಸೇರಿಸುತ್ತೇನೆ. ಅವರಿಗೆ ದಾರಿ ಕಿರಿದಾಗುತ್ತಿದೆ. ಲಿನಕ್ಸ್ ಮಿಂಟ್‌ನ ಮುಖ್ಯ ಆವೃತ್ತಿ 2020ರಲ್ಲೇ 32 ಬಿಟ್ ಕೈಬಿಟ್ಟಿತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ 2025ರಲ್ಲಿ ಬಂದ 13ನೆಯ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12 ಅಥವಾ ಅದನ್ನು ಆಧರಿಸಿದ ಆಂಟಿಎಕ್ಸ್ 23 ಅವರಿಗೆ ಇನ್ನೂ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಿಂಟ್ ಎಕ್ಸ್‌ಎಫ್‌ಸಿಇ ಪೆನ್ ಡ್ರೈವಿನಿಂದ ನಡೆಯಿತು. ಧ್ವನಿ ಸರಿಯಿದೆ, ವೈಫೈ ಮಾತ್ರ ಕಾಣಿಸುತ್ತಿಲ್ಲ. ಡಿಸ್ಕಿನಲ್ಲಿರುವ ಹಳೆಯ ಫೋಟೊಗಳ ಬಗ್ಗೆಯೂ ಆತಂಕವಿದೆ.

ಉತ್ತರ 2 ಬರೆದವರು

ಕೆಲವು ಹಳೆಯ ವೈಫೈ ಚಿಪ್‌ಗಳಿಗೆ ಡ್ರೈವರನ್ನು (ಚಿಪ್ಪನ್ನು ನಡೆಸುವ ತಂತ್ರಾಂಶ) ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಕೇಬಲ್ ಮೂಲಕ ಇಲ್ಲವೇ ಮೊಬೈಲಿನ ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್‌ನೆಟ್ ಕೊಟ್ಟು, ಮಿಂಟ್‌ನಲ್ಲಿರುವ ಡ್ರೈವರ್ ಮ್ಯಾನೇಜರ್ ತೆರೆದು ನೋಡಿ. ಬಹುಮಟ್ಟಿಗೆ ಅಲ್ಲೇ ಪರಿಹಾರ ಸಿಗುತ್ತದೆ. ಕನ್ನಡದಲ್ಲಿ ಬರೆಯಲು ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದರೆ, ನುಡಿ ತಂತ್ರಾಂಶದಲ್ಲಿ ಬರೆದು ರೂಢಿಯಿರುವ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ.

ಫೋಟೊಗಳ ವಿಷಯದಲ್ಲಿ ಅವಸರ ಬೇಡ. ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿದರೆ ಅವು ಹೋದಂತೆಯೇ. ಈಗ ಪೆನ್ ಡ್ರೈವಿನಿಂದ ನಡೆಯುತ್ತಿರುವ ಮಿಂಟ್‌ನಲ್ಲೇ ಫೈಲ್ ಮ್ಯಾನೇಜರ್ ತೆರೆದರೆ ವಿಂಡೋಸಿನ ಭಾಗವೂ ಕಾಣುತ್ತದೆ. ಎಲ್ಲವನ್ನೂ ಬಾಹ್ಯ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಫೋಟೊಗಳನ್ನು ತೆರೆದು ಕಣ್ಣಾರೆ ನೋಡಿದ ಮೇಲೆಯೇ ಇನ್‌ಸ್ಟಾಲ್ ಆರಂಭಿಸಿ.